ಆಕರ ಪಟ್ಟಿಯಲ್ಲಿ ಕನ್ನಡಕ್ಕೂ ಒಂದು ಸಾಲು

(ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಪೋಷಕರಿಗಾಗಿ ಕನ್ನಡ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ನಾನು ಪ್ರಾಧ್ಯಾಪಕನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಕೆಲಸದಲ್ಲಿ ಯಾವ ತಂತ್ರಾಂಶದ ಯಾವ ವರ್ಷನ್ ಬಳಸಿದೆವು ಎಂದು ಬರೆದಿಡದಿದ್ದರೆ ಇನ್ನೊಬ್ಬರು ಅದನ್ನು ಮತ್ತೆ ಮಾಡಿ ನೋಡಲಾರರು. ಸಂಶೋಧನಾ ಪ್ರಬಂಧದ ಆಕರ ಪಟ್ಟಿಯೂ ಅಷ್ಟೇ. ಓದುಗ ನಿಮ್ಮ ದಾರಿಯಲ್ಲೇ ನಡೆದು ಮೂಲವನ್ನು ಮುಟ್ಟುವಂತಿರಬೇಕು.

ಇಲ್ಲಿ ಓದುವ ನಮ್ಮ ಮಕ್ಕಳು ವಚನ, ಯಕ್ಷಗಾನ, ಹೊಯ್ಸಳರ ಬಗ್ಗೆ ಪೇಪರ್ ಬರೆಯುತ್ತಾರೆ. ಬಹಳ ಸಂತೋಷ! ಆದರೆ ಅಪ್ಪನ ಕಪಾಟಿನ ಕನ್ನಡ ಪುಸ್ತಕದಿಂದ ವಿಷಯ ತೆಗೆದು, ಪಟ್ಟಿಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನಷ್ಟೇ ಹಾಕುವುದುಂಟು. ಕನ್ನಡದ್ದನ್ನು ಹೇಗೆ ಬರೆಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಚಿದಾನಂದಮೂರ್ತಿ, ಕಲಬುರ್ಗಿಯವರಂಥ ವಿದ್ವಾಂಸರು ದಶಕಗಟ್ಟಲೆ ಕನ್ನಡದಲ್ಲಿ ದುಡಿದಿದ್ದಾರೆ. ನಾವೇ ಉಲ್ಲೇಖಿಸದಿದ್ದರೆ ಆ ದುಡಿಮೆ ಜಗತ್ತಿನ ಲೆಕ್ಕಕ್ಕೆ ಬರುವುದು ಹೇಗೆ?

ಮೊದಲು ಹೆಸರು. ಎಪಿಎ, ಎಂಎಲ್‌ಎ ಎರಡೂ ಶೈಲಿಗಳು ಮನೆತನದ ಹೆಸರನ್ನು ಮುಂದಿಡುತ್ತವೆ. ಬೇಂದ್ರೆ, ಕಾರಂತರಿಗೆ ಅದು ಸರಿ. ಡಿ.ವಿ. ಗುಂಡಪ್ಪನವರಲ್ಲಿ ಮೊದಲ ಅಕ್ಷರ ಊರು ದೇವನಹಳ್ಳಿ, ಎರಡನೆಯದು ತಂದೆ. ಗುಂಡಪ್ಪ ಅವರದೇ ಹೆಸರು. ಪಟ್ಟಿಯಲ್ಲಿ 'ಗುಂಡಪ್ಪ, ಡಿ.ವಿ.' ಎಂದಿರಲಿ. ಪುಸ್ತಕದಲ್ಲಿ ಕುವೆಂಪು ಎಂದಿದ್ದರೆ ಹಾಗೇ ಬರೆಯಿರಿ, ಪುಟ್ಟಪ್ಪ ಎಂದು ತಿದ್ದಬೇಡಿ. ಜೊಟೆರೋ ಬಳಸುವವರು ಇಂಥ ಹೆಸರಿಗೆ ಒಂದೇ ಖಾನೆಯ ಆಯ್ಕೆ ಮಾಡಿಕೊಳ್ಳಿ.

ಎರಡನೆಯದು ಲಿಪಿ. ಎಪಿಎ 7ನೇ ಆವೃತ್ತಿಯಂತೆ ಶೀರ್ಷಿಕೆಯನ್ನು ರೋಮನ್ ಲಿಪಿಗಿಳಿಸಿ, ಚೌಕ ಕಂಸದಲ್ಲಿ ಇಂಗ್ಲಿಷ್ ಅರ್ಥ ಕೊಡಬೇಕು. ಎಂಎಲ್‌ಎ ಮೂಲ ಲಿಪಿಯನ್ನೂ ಒಪ್ಪುತ್ತದೆ. ಅಲ್ಲಿ ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ! ರೋಮನ್‌ಗೆ ಇಳಿಸುವಾಗ ಮನಬಂದಂತೆ ಬೇಡ. 2001ರ ಐಎಸ್‌ಒ 15919 ಮಾನಕವಿದೆ: ದೀರ್ಘಕ್ಕೆ ಮೇಲೊಂದು ಗೆರೆ, ಳಕಾರಕ್ಕೆ ಕೆಳಗೊಂದು ಚುಕ್ಕೆ. ಲೈಬ್ರರಿ ಕ್ಯಾಟಲಾಗುಗಳ ಕ್ರಮವೂ ಬಹುಮಟ್ಟಿಗೆ ಇದೇ. 'ಮೂಕಜ್ಜಿಯ ಕನಸುಗಳು' ಹೆಸರನ್ನು ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್‌ನಲ್ಲಿ ಬರೆದರೆ ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಪುಸ್ತಕ.

ಮೂರನೆಯದು ಆವೃತ್ತಿ. ತಾಳಗುಂದದ ಸ್ತಂಭಶಾಸನವನ್ನು ಇಂದಿಗೂ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ 7, ಶಿಕಾರಿಪುರ 176 ಎಂದು ಗುರುತಿಸುತ್ತಾರೆ. ಸಂಪುಟ, ತಾಲ್ಲೂಕು, ಸಂಖ್ಯೆ: ಬಿ.ಎಲ್. ರೈಸ್ ಹಾಕಿದ ಈ ಕ್ರಮ ನೂರು ವರ್ಷ ದಾಟಿದರೂ ನಮ್ಮನ್ನು ಸರಿಯಾದ ಕಲ್ಲಿಗೇ ಮುಟ್ಟಿಸುತ್ತದೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳು ಬೇರೆ. ಆದ್ದರಿಂದ ಯಾವ ಆವೃತ್ತಿ ಎಂದು ಹೇಳಲೇಬೇಕು. ವಚನಕ್ಕೂ ಹಾಗೆಯೇ. ಕೂಡಲಸಂಗಮದೇವ ಎಂಬ ಅಂಕಿತ ಬಸವಣ್ಣನವರನ್ನು ತೋರಿಸುತ್ತದೆ, ಆದರೆ ಅಂಕಿತವನ್ನು ಯಾರು ಬೇಕಾದರೂ ಅಂಟಿಸಬಹುದು. ಸಂಪಾದಕರು, ಸಂಪುಟ, ವಚನದ ಸಂಖ್ಯೆ ಕೊಡಿ. ವಾಟ್ಸಾಪ್‌ನಲ್ಲಿ ಬಂದ ವಚನ ಆಕರವಲ್ಲ.

ನಾಲ್ಕನೆಯದು ಯೂನಿಕೋಡ್. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ನಿಂದ ನಕಲಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಮೂಲದೊಂದಿಗೆ ತಾಳೆ ನೋಡಿ ಬಳಸಿ.

ಕೊನೆಯದಾಗಿ, ಚಾಟ್‌ಜಿಪಿಟಿ ಕೊಟ್ಟ ಆಕರವನ್ನು ಕಣ್ಣಾರೆ ನೋಡದೆ ಹಾಕಬೇಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ, ಅದು ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಕನ್ನಡದ ಇಲ್ಲದ ಪುಸ್ತಕವನ್ನು ಹಿಡಿಯಬಲ್ಲವರು ಇಲ್ಲಿನ ಕಾಲೇಜುಗಳಲ್ಲಿ ಎಷ್ಟು ಜನ? ಹಾಗಾಗಿ ನಮ್ಮ ಹೊಣೆ ಇನ್ನೂ ಹೆಚ್ಚು.

ಪೋಷಕರಲ್ಲಿ ಒಂದು ಮನವಿ. 1962ರಲ್ಲಿ ಶುರುವಾದ ಪಿಎಲ್ 480 ಯೋಜನೆಯಿಂದ ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ಲೈಬ್ರರಿಗಳಿಗೆ ಭಾರತೀಯ ಭಾಷೆಗಳ ಪುಸ್ತಕಗಳು ಬಂದಿವೆ, ಕನ್ನಡದವೂ ಇವೆ. ಮಕ್ಕಳ ಜೊತೆ ಹೋಗಿ ಹುಡುಕಿ, ಒಂದು ಅಧ್ಯಾಯ ಓದಿ ಹೇಳಿ. ನಾಡಿನ ವಿಷಯದ ಪ್ರತಿ ಪೇಪರಿನಲ್ಲಿ, ನಿಜವಾಗಿ ಬಳಸಿದ ಒಂದಾದರೂ ಕನ್ನಡ ಆಕರ ಇರಲಿ.