ಎರಡು ಹಾಸುಗಲ್ಲುಗಳ ಮೇಲೆ ಒಂದು ಸಂಖ್ಯೆ



ಕಾಳಗಿ, ಸೇಡಂ, ಚಿತ್ತಾಪುರದ ಕಡೆಯ ನಿಮಗೆ ಶಹಾಬಾದಿನ ಹಾಸುಗಲ್ಲನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಗಣಕಯಂತ್ರದ ಸ್ಮೃತಿಕೋಶವನ್ನು ಅಂಥ ಕಲ್ಲು ಹಾಸಿದ ನೆಲವೆಂದು ಭಾವಿಸಿ. ಒಂದೊಂದು ಕಲ್ಲಿನ ಮೇಲೂ ನಾಲ್ಕು ಬೈಟುಗಳು. ಅವುಗಳ ವಿಳಾಸ 0, 1, 2, 3 ಎಂದು ಸಾಲಾಗಿ ಸಾಗುತ್ತದೆ. ನಾಲ್ಕು ಬೈಟಿನ ಸಂಖ್ಯೆಯೊಂದು 0, 4, 8 ಹೀಗೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಆರಂಭವಾದರೆ ಪ್ರೊಸೆಸರ್ ಒಂದೇ ಕಲ್ಲನ್ನು ಓದಿ ಮುಗಿಸುತ್ತದೆ. 2ರಲ್ಲಿ ಆರಂಭವಾದರೆ? ಅರ್ಧ ಈ ಕಲ್ಲಿನ ಮೇಲೆ, ಉಳಿದರ್ಧ ಪಕ್ಕದ ಕಲ್ಲಿನ ಮೇಲೆ!

ಪೆಂಟಿಯಂನಂಥ ಪ್ರೊಸೆಸರ್ ಇದನ್ನು ತುಸು ಹೆಚ್ಚು ಸಮಯ ತೆಗೆದುಕೊಂಡು ತಾನೇ ನಿಭಾಯಿಸುತ್ತದೆ. ಎಲ್ಲವೂ ಹಾಗಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿ, 2001ರಲ್ಲಿ ಹೊರತಂದ 'ಸಿಂಪ್ಯೂಟರ್' ಎಂಬ ಅಂಗೈ ಗಣಕದ ಹೆಸರು ಕೇಳಿದ್ದೀರಾ? ಅದರ ಪ್ರೊಸೆಸರ್ ಸ್ಟ್ರಾಂಗ್ ಆರ್ಮ್, ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಸ್ಟ್ರಾಂಗ್ ಆರ್ಮ್‌ನ ವರ್ತನೆ ವಿಚಿತ್ರ. ಮೊದಲ ಕಲ್ಲಿನ ಮೇಲೆ ಅ ಆ ಇ ಈ, ಎರಡನೆಯದರ ಮೇಲೆ ಉ ಊ ಋ ಎ ಇವೆ ಎನ್ನಿ. ವಿಳಾಸ 2ರಿಂದ ಓದಿದರೆ ಇ ಈ ಉ ಊ ಸಿಗಬೇಕು. ಈ ಪ್ರೊಸೆಸರ್ ಎರಡನೆಯ ಕಲ್ಲನ್ನು ಮುಟ್ಟುವುದೇ ಇಲ್ಲ. ಮೊದಲನೆಯದನ್ನೇ ತಿರುಗಿಸಿ ಇ ಈ ಅ ಆ ಎಂದು ಕೊಡುತ್ತದೆ. ಯಂತ್ರ ನಿಲ್ಲುವುದಿಲ್ಲ, ದೂರುವುದೂ ಇಲ್ಲ. ಮೇಜಿನ ಮೇಲಿನ ಗಣಕದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಂ ಇಲ್ಲಿ ಸದ್ದಿಲ್ಲದೆ ತಪ್ಪು ಲೆಕ್ಕ ಕೊಡುತ್ತದೆ.

ಆದರೆ ಈ ಪ್ರೊಸೆಸರಿನಲ್ಲಿ ಒಂದು ಕಾವಲು ಬಿಟ್ ಉಂಟು. ಅದನ್ನು ಹಾಕಿಟ್ಟರೆ ಸಾಲು ತಪ್ಪಿದ ಓದು ಬಂದ ಕೂಡಲೇ ಕೆಲಸ ನಿಂತು, ಹತೋಟಿ ಲಿನಕ್ಸಿನ ತಿರುಳಾದ ಕರ್ನೆಲ್‌ಗೆ ಹೋಗುತ್ತದೆ. ಕರ್ನೆಲ್ ಆ ಆದೇಶವನ್ನು ಬಿಡಿಸಿ ನೋಡಿ, ವಿಳಾಸವನ್ನು ಲೆಕ್ಕಹಾಕಿ, ಬೈಟುಗಳನ್ನು ಒಂದೊಂದಾಗಿ ಆಯ್ದು ಜೋಡಿಸಿ, ಸೇರಬೇಕಾದ ರಿಜಿಸ್ಟರಿನಲ್ಲಿಟ್ಟು, ಪ್ರೋಗ್ರಾಮನ್ನು ಮುಂದಿನ ಆದೇಶಕ್ಕೆ ಕಳುಹಿಸುತ್ತದೆ. ಒಂದು ಆದೇಶದ ಕೆಲಸಕ್ಕೆ ಎಷ್ಟು ಓಡಾಟ ನೋಡಿ!

ಇದು ಕರ್ನೆಲ್‌ನ ಸ್ವಂತ ಕೆಲಸಗಳ ಮಾತಾಯಿತು. ಬಳಕೆದಾರರ ಪ್ರೋಗ್ರಾಮುಗಳ ವಿಷಯದಲ್ಲಿ ಕಡೆಗಣಿಸು, ಎಚ್ಚರಿಸು, ಸರಿಪಡಿಸು, ನಿಲ್ಲಿಸು ಎಂಬ ಆಯ್ಕೆಗಳನ್ನು ಲಿನಕ್ಸ್ ಕೊಡುತ್ತದೆ. ಆ ಹಳೆಯ ಆರ್ಮ್‌ಗಳಲ್ಲಿ ನಾವಾಗಿ ಏನೂ ಹೇಳದಿದ್ದರೆ 'ಕಡೆಗಣಿಸು' ಎಂದೇ ಅರ್ಥ. ಕಲಿಯುವವರಿಗೆ 'ಎಚ್ಚರಿಸು' ಲೇಸೆಂದು ನನ್ನ ಅಭಿಪ್ರಾಯ. ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕಲಾದರೂ ದಾರಿಯಾಗುತ್ತದೆ. ಸುಮ್ಮನೆ ಸರಿಪಡಿಸುತ್ತ ಹೋದರೆ ಪ್ರೋಗ್ರಾಂ ಏಕೆ ತೆವಳುತ್ತಿದೆ ಎಂದೇ ತಿಳಿಯದು. ಆರನೆಯ ಆವೃತ್ತಿಯಿಂದೀಚಿನ ಆರ್ಮ್‌ಗಳು ಇಂಥ ಬಹುತೇಕ ಓದುಗಳನ್ನು ತಾವೇ ನಿಭಾಯಿಸುತ್ತವೆ, ನಿಜ. ಆದರೂ ಎಲ್ಲ ಆದೇಶಗಳಿಗೂ ಆ ಸೌಲಭ್ಯವಿಲ್ಲ.

ತಪ್ಪನ್ನು ಬರುವ ಮೊದಲೇ ತಡೆಯುವುದು ಹೇಗೆ? ಈಥರ್ನೆಟ್ ತಂತಿಯಲ್ಲಿ ಬರುವ ಪ್ರತಿ ಮಾಹಿತಿ ಕಟ್ಟಿನ ತಲೆಬರಹ 14 ಬೈಟು. ಅದರ ಬೆನ್ನಿಗೇ ಇಂಟರ್ನೆಟ್ ತಲೆಬರಹ, ಅದರೊಳಗೆ ನಾಲ್ಕು ಬೈಟಿನ ವಿಳಾಸಗಳು. 14 ನಾಲ್ಕರಿಂದ ಭಾಗವಾಗದು. ಕಟ್ಟನ್ನು ಹಾಗೆಯೇ ಇಳಿಸಿಕೊಂಡರೆ ಪ್ರತಿಯೊಂದು ವಿಳಾಸವೂ ಸಾಲು ತಪ್ಪುತ್ತದೆ. ಅದಕ್ಕೆಂದೇ ಲಿನಕ್ಸಿನ ಅನೇಕ ಡ್ರೈವರುಗಳು ಮೊದಲು ಎರಡು ಬೈಟು ಜಾಗವನ್ನು ಖಾಲಿ ಬಿಟ್ಟು ಕಟ್ಟನ್ನು ಇಳಿಸಿಕೊಳ್ಳುತ್ತವೆ. ಎರಡಕ್ಕೆ 14 ಸೇರಿ 16. ಇಂಟರ್ನೆಟ್ ತಲೆಬರಹ ಸರಿಯಾಗಿ ಕಲ್ಲಿನ ಅಂಚಿನಿಂದಲೇ ಆರಂಭವಾಗುತ್ತದೆ.