ಲಾರಿ ಮೇಲಿನ ಹುಡುಗನ ಹೆಸರೇನು?

ಇವತ್ತು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಚೌತಿ ಬಂತು ಅಂದ್ರೆ ಇದೇ ಕುರ್ಚಿಯಲ್ಲಿ ಕೂತು ‘ಡಿಜೆ ಹಾವಳಿ’ ಅಂತ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪರದೆ ಮೇಲೆ ಲಾರಿ, ಲಾರಿ ತುಂಬ ಸ್ಪೀಕರ್, ಮುಂದೆ ಕುಣಿಯೋ ಜನ. ಆ ಲಾರಿ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಒಬ್ಬ ಹುಡುಗ ನಿಂತಿರ್ತಾನಲ್ಲ, ಅವನ ಹೆಸರೇನು ಅಂತ ನಾನು ಒಂದು ಸಲವೂ ಕೇಳಲಿಲ್ಲ.

ಮೊನ್ನೆ ಬಂಟ್ವಾಳದ ಕಡೆ ಒಂದು ಮೆಹಂದಿಗೆ ಹೋಗಿದ್ದೆ. ಅಲ್ಲಿ ಮೆಹಂದಿ ಅಂದ್ರೆ ಬರೀ ಕೈಗೆ ಬಣ್ಣ ಅಲ್ಲ. ಮದುವೆ ಹಿಂದಿನ ರಾತ್ರಿ, ಇಡೀ ಊರೇ ಸೇರೋ ಊಟ, ಕುಣಿತ. ಒಂದಷ್ಟು ಸಿನಿಮಾ ಹಾಡು ಆಯ್ತು. ಆಮೇಲೆ ಹುಲಿವೇಷದ ತಾಸೆ ಸದ್ದು ಶುರುವಾಯ್ತು. ಅದರ ಕೆಳಗೆ ಎದೆ ನಡುಗಿಸೋ ಎಲೆಕ್ಟ್ರಾನಿಕ್ ಬೀಟ್. ಮೂಲೆಯಲ್ಲಿ ಕುರ್ಚಿ ಹಿಡಿದು ಕೂತಿದ್ದ ಅಜ್ಜಿಯ ಕಾಲೂ ತಾಳ ಹಾಕ್ತಿತ್ತು! ಹುಡುಗನ ಹತ್ತಿರ ಹೋಗಿ ಕೇಳಿದೆ, ಇದು ಯಾರ ಹಾಡಪ್ಪ?

‘ತಾಸೆ ನಮ್ಮ ಊರಿನವರದ್ದೇ ಸರ್. ನವರಾತ್ರಿಗೆ ಹುಲಿ ಬಂದಾಗ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದು. ಉಳಿದದ್ದು ನಾನೇ ಲ್ಯಾಪ್‌ಟಾಪಲ್ಲಿ ಮಾಡಿದ್ದು ಮಾರಾಯ್ರೆ’ ಅಂದ.

ನೋಡಿ, ಎಲೆಕ್ಟ್ರಾನಿಕ್ ಸಂಗೀತ ಅಂದ ತಕ್ಷಣ ನಮಗೆ ಬೆಂಗಳೂರಿನ ಪಬ್ಬು, ಗೋವಾದ ಬೀಚು ನೆನಪಾಗುತ್ತೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯನ್ನು ಯಾರೂ ಆ ಲೆಕ್ಕಕ್ಕೆ ತಗೊಳ್ಳಲ್ಲ. ಆದರೆ ಅಲ್ಲಿ ಮೆಹಂದಿ ಇದೆ, ಕ್ರೈಸ್ತರ ಮನೆಯಲ್ಲಿ ರೋಸ್ ಇದೆ, ಮೊಸರು ಕುಡಿಕೆ, ಶಾರದೋತ್ಸವದ ಮೆರವಣಿಗೆ ಇದೆ. ಪಬ್ಬಿಗೆ ಒಂದೇ ವಯಸ್ಸಿನವರು, ಒಂದೇ ರುಚಿಯವರು ಬರ್ತಾರೆ. ಇಲ್ಲಿ ಮಗುವಿಂದ ಹಿಡಿದು ಮುದುಕರ ತನಕ ಎಲ್ಲರನ್ನೂ ಕುಣಿಸಬೇಕು. ಬೀಟ್ ಹಿಡಿಸಲಿಲ್ಲ ಅಂದ್ರೆ ಜನ ಎದ್ದು ಊಟದ ಸಾಲಿಗೆ ಹೋಗ್ತಾರೆ. ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೇನಿದೆ?

ಸಣ್ಣ ಊರಿಂದ ಏನು ಮಹಾ ಬರುತ್ತೆ ಅಂತೀರಾ? ಅಮೆರಿಕದ ಡೆಟ್ರಾಯಿಟ್ ನಗರದ ಹೆಸರಲ್ಲಿ ಜಗತ್ತೇ ಕುಣಿಯೋ ಟೆಕ್ನೋ ಸಂಗೀತ ಇದೆಯಲ್ಲ, ಅದನ್ನು ಕಟ್ಟಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂವರೂ ಓದಿದ್ದು ಡೆಟ್ರಾಯಿಟ್ ಹೊರಗಿನ ಬೆಲ್‌ವಿಲ್ ಅನ್ನೋ ಪುಟ್ಟ ಊರಿನ ಶಾಲೆಯಲ್ಲಿ.

ಅಷ್ಟು ದೂರ ಯಾಕೆ? ಕದ್ರಿ ಗೋಪಾಲನಾಥರು ಹುಟ್ಟಿದ್ದು ಇದೇ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ, 1949ರಲ್ಲಿ. ತಂದೆ ನಾಗಸ್ವರ ನುಡಿಸುವವರು. ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಬ್ಯಾಂಡ್‌ಸೆಟ್ಟಿನ ವಾದ್ಯದಲ್ಲಿ ಕರ್ನಾಟಕ ಸಂಗೀತವೇ ಅಂತ ಹುಬ್ಬೇರಿಸಿದವರಿದ್ದರು. 1994ರಲ್ಲಿ ಅದೇ ವಾದ್ಯ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊಳಗಿತು. ಹೊರಗಿನ ಯಂತ್ರ ತಂದು ಒಳಗಿನ ನಾದ ನುಡಿಸೋದು ಈ ಮಣ್ಣಿಗೆ ಹೊಸದಲ್ಲ ಸ್ವಾಮಿ.

ಹಾಗಂತ ಶಬ್ದದ ಸಂಕಟ ಸುಳ್ಳಾ? ಖಂಡಿತ ಅಲ್ಲ. ಆ ಲಾರಿ ಹೋಗೋ ದಾರಿಯಲ್ಲಿ ಎದೆ ಹಿಡಿದುಕೊಂಡು ಮಲಗಿದ ರೋಗಿ ಇದ್ದಾರೆ, ತೊಟ್ಟಿಲ ಕೂಸಿದೆ, ನಾಳೆ ಪರೀಕ್ಷೆ ಬರೆಯೋ ಮಗಳಿದ್ದಾಳೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಸ್ಪಷ್ಟವಾಗಿದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬದ ಸಂದರ್ಭಕ್ಕೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರಬಾರದು. ಇದನ್ನು ಪಾಲಿಸಲೇಬೇಕು. ಎರಡು ಮಾತಿಲ್ಲ.

ನನ್ನ ಪ್ರಶ್ನೆ ಬೇರೆ. ‘ಇನ್ನೂ ಜೋರಾಗಿ ಹಾಕೋ’ ಅಂತ ಕೂಗೋರು ಯಾರು? ಹುಡುಗ ಅಲ್ಲ. ದುಡ್ಡು ಕೊಟ್ಟು ಕರೆಸಿದವರು. ಪೊಲೀಸ್ ಜೀಪು ಬಂದಾಗ ಅವರು ಗುಂಪಲ್ಲಿ ಕರಗಿ ಹೋಗ್ತಾರೆ. ಸಿಕ್ಕಿಬೀಳೋದು ಹುಡುಗ, ಜಪ್ತಿಯಾಗೋದು ಸಾಲ ಮಾಡಿ ತಂದ ಮಿಕ್ಸರ್, ಆಂಪ್ಲಿಫೈಯರ್. ಕಂತು ಕಟ್ಟೋದು ಅವನ ಮನೆಯವರು. ಆ ರಾತ್ರಿ ನಾನೂ ಸುದ್ದಿ ಓದಿ ಮನೆಗೆ ಹೋಗ್ತೀನಿ.

ಕರಾವಳಿಯ ಯಕ್ಷಗಾನವನ್ನೇ ನೋಡಿ. ಬೆಳಗಿನವರೆಗೆ ಆಡುತ್ತಿದ್ದ ಮೇಳಗಳೇ ಕಾಲಮಿತಿಗೆ ಬಂದವು. ಕಲೆ ಸಾಯಲಿಲ್ಲ. ಡಿಜೆಗೂ ಅದು ಸಾಧ್ಯ. ಅನುಮತಿ ಪತ್ರದಲ್ಲೇ ಸಮಯ, ಶಬ್ದದ ಮಿತಿ ಬರೆದು ಆಯೋಜಕರ ಸಹಿ ಹಾಕಿಸಿ. ಮೀರಿದರೆ ಮೊದಲ ಹೊಣೆ ಅವರದ್ದಾಗಲಿ.

ಆ ಹುಡುಗರಿಗೂ ಒಂದು ಮಾತು. ನೀವು ರೆಕಾರ್ಡ್ ಮಾಡಿಕೊಂಡ ತಾಸೆ ಬಾರಿಸಿದವರ ಹೆಸರು ನಿಮ್ಮ ಹಾಡಿನ ಜೊತೆ ಇದೆಯಾ? ನಿಮ್ಮ ಹೆಸರು ಯಾರೂ ಕೇಳಲಿಲ್ಲ ಅನ್ನೋ ನೋವು ನಿಮಗಿದ್ದರೆ, ಅವರಿಗೂ ಇರುತ್ತಲ್ಲ? ಹೆಸರು ಹಾಕಿ. ದುಡ್ಡು ಬಂದರೆ ಪಾಲು ಕೊಡಿ.

ಅವತ್ತು ಹೊರಡೋವಾಗ ಹುಡುಗನ ಹೆಸರು ಕೇಳಿದೆ. ಹೇಳಿದ. ಜೊತೆಗೆ, ‘ಟೀವಿಯಲ್ಲಿ ಹೇಳಬೇಡಿ ಸರ್, ಮುಂದಿನ ಸಲ ಹುಡುಕಿಕೊಂಡು ಬರ್ತಾರೆ’ ಅಂತ ನಕ್ಕ.

ಅದಕ್ಕೇ ಹೇಳ್ತಿಲ್ಲ. ಒಬ್ಬ ಸಂಗೀತಗಾರ ತನ್ನ ಹೆಸರು ಹೇಳೋಕೆ ಹೆದರೋ ಹಾಗೆ ಮಾಡಿದ್ದರಲ್ಲಿ ನನ್ನ ಪಾಲೂ ಇದೆ. ನಿಮ್ಮ ಪಾಲೆಷ್ಟು? ಯೋಚನೆ ಮಾಡಿ.