ಬ್ಯಾಟರಿಯ ಸ್ಟಿಕ್ಕರ್ ಗೂಢಚಾರನಲ್ಲ



ಕೆಲವು ವರ್ಷಗಳ ಹಿಂದೆ ಒಂದು ವೀಡಿಯೊ ದೇಶದೇಶಗಳಲ್ಲಿ ಹರಡಿತು. ಸ್ಯಾಮ್‌ಸಂಗ್ ಮೊಬೈಲಿನ ಬ್ಯಾಟರಿಗೆ ಅಂಟಿಸಿದ ಸ್ಟಿಕ್ಕರನ್ನು ಸುಲಿದು, ಅದರೊಳಗಿನ ಸುರುಳಿ ತಂತಿಯನ್ನು ತೋರಿಸಿ, ಇದು ನಿಮ್ಮ ಭಾವಚಿತ್ರಗಳನ್ನು ಕದ್ದು ರವಾನಿಸುವ ಗೂಢಚಾರ ಸಾಧನ ಎಂದು ಅದು ಸಾರಿತು. ನಂಬಿದವರು ತಮ್ಮ ಬ್ಯಾಟರಿಯ ಸಿಪ್ಪೆ ಸುಲಿದರು.

ವಾಸ್ತವದಲ್ಲಿ ಅದೇನು? ಅದು ಎನ್‌ಎಫ್‌ಸಿ ಎಂಬ ತಂತ್ರಜ್ಞಾನದ ಆಂಟೆನಾ. ಫೋನನ್ನು ಅಂಗಡಿಯ ಯಂತ್ರಕ್ಕೆ ತಾಗಿಸಿ ಹಣ ಪಾವತಿಸಲು ಬಳಕೆಯಾಗುವುದು ಇದೇ. ಅದರ ಸಂಕೇತ ತಲುಪುವುದು ಕೆಲವೇ ಸೆಂಟಿಮೀಟರ್ ದೂರಕ್ಕೆ. ಆ ತಂತಿಯ ಸುರುಳಿಗೆ ಚಿತ್ರಗಳನ್ನು ಕೂಡಿಡುವ ಸಾಮರ್ಥ್ಯವೂ ಇಲ್ಲ, ದೂರದೇಶಕ್ಕೆ ಕಳುಹಿಸುವ ಶಕ್ತಿಯೂ ಇಲ್ಲ. ಕಿತ್ತೆಸೆದವರು ಫೋನಿನ ಒಂದು ಸೌಲಭ್ಯವನ್ನು ಕಳೆದುಕೊಂಡರೇ ವಿನಾ ಯಾವ ಗೂಢಚಾರನಿಂದಲೂ ಮುಕ್ತರಾಗಲಿಲ್ಲ. ಫೋನಿನ ಮೇಲಂಚಿನ ಸಣ್ಣ ರಂಧ್ರದ ಬಗ್ಗೆಯೂ ಇಂತಹುದೇ ಸಂಶಯವಿದೆ. ಹೆಚ್ಚಿನ ಫೋನುಗಳಲ್ಲಿ ಅದು ಸುತ್ತಲಿನ ಗದ್ದಲವನ್ನು ಗ್ರಹಿಸಿ, ನಿಮ್ಮ ಮಾತಿನಿಂದ ಅದನ್ನು ಬೇರ್ಪಡಿಸುವ ಎರಡನೆಯ ಮೈಕ್.

ಹಾಗಾದರೆ ನಾವು ಮಾತನಾಡಿದ ವಸ್ತುವಿನದೇ ಜಾಹೀರಾತು ಮರುಕ್ಷಣ ಬರುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17 ಸಾವಿರಕ್ಕೂ ಅಧಿಕ ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿದರು. ಗುಟ್ಟಾಗಿ ಮೈಕ್ ತೆರೆದು ಮಾತನ್ನು ರವಾನಿಸಿದ ಒಂದು ಆ್ಯಪ್ ಕೂಡಾ ಅವರಿಗೆ ಸಿಗಲಿಲ್ಲ. ಆದರೆ ಪರದೆಯ ಮೇಲೆ ನಡೆಯುವುದನ್ನು ಚಿತ್ರೀಕರಿಸಿ ಇತರ ಕಂಪೆನಿಗಳಿಗೆ ಕಳುಹಿಸುವ ಆ್ಯಪ್‌ಗಳು ಸಿಕ್ಕವು. ನೀವೇ ಲೆಕ್ಕ ಹಾಕಿರಿ: ಸಾಧಾರಣ ಗುಣಮಟ್ಟದ ಧ್ವನಿಯನ್ನು ಸೆಕೆಂಡಿಗೆ 16 ಕಿಲೋಬಿಟ್‌ನಂತೆ ದಿನವಿಡೀ ಕಳುಹಿಸಿದರೆ ಸುಮಾರು 170 ಎಂಬಿ ಡಾಟಾ ಬೇಕು. ಅಷ್ಟು ಸೋರಿಕೆ ನಿಮ್ಮ ಡಾಟಾ ಲೆಕ್ಕದಲ್ಲಿಯೂ ಬ್ಯಾಟರಿಯಲ್ಲಿಯೂ ಗೋಚರಿಸದೆ ಇದ್ದೀತೇ? ಕಂಪೆನಿಗಳಿಗೆ ಈ ಕಷ್ಟವೇ ಬೇಕಿಲ್ಲ. ನೀವು ಹುಡುಕಿದ್ದು, ಕೊಂಡದ್ದು, ಓಡಾಡಿದ ಸ್ಥಳ, ಇವೆಲ್ಲವನ್ನೂ ನೀವೇ ಅನುಮತಿ ನೀಡಿ ಒಪ್ಪಿಸಿರುತ್ತೀರಿ.

ಇದಕ್ಕೆ ನಮ್ಮ ಮನೆ ಬಾಗಿಲಿನ ಉದಾಹರಣೆಯೇ ಇದೆ. ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕನ್ನು ತಿಳಿಸುವ 'ಮುಸ್ಲಿಮ್ ಪ್ರೊ' ಆ್ಯಪನ್ನು ಜಗತ್ತಿನಾದ್ಯಂತ ಕೋಟ್ಯಂತರ ಮಂದಿ ಬಳಸುತ್ತಿದ್ದರು. ಅದರ ಬಳಕೆದಾರರ ಸ್ಥಳದ ಮಾಹಿತಿಯು ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿತ್ತೆಂದೂ, ಆ ಕಂಪೆನಿಯ ಗ್ರಾಹಕರಲ್ಲಿ ಅಮೆರಿಕನ್ ಸೇನೆಯ ಗುತ್ತಿಗೆದಾರರಿದ್ದರೆಂದೂ 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಪತ್ರಿಕೆ ವರದಿ ಮಾಡಿತು. ಬಳಿಕ ಮುಸ್ಲಿಮ್ ಪ್ರೊ ಆ ಕಂಪೆನಿಯೊಂದಿಗಿನ ಸಂಬಂಧವನ್ನು ಕಡಿದುಕೊಂಡಿತು. ಇಲ್ಲಿ ಯಾವ ಗುಪ್ತ ಚಿಪ್ ಇತ್ತು? ಕಿಬ್ಲಾ ತಿಳಿಯಲೆಂದು ನೀಡಿದ ಅನುಮತಿಯೇ ಸಾಕಾಯಿತು.

ಪೆಗಾಸಸ್‌ನ ಕಥೆಯೂ ಅಷ್ಟೇ. ಇಸ್ರೇಲಿನ ಎನ್‌ಎಸ್‌ಒ ಕಂಪೆನಿಯ ಈ ಕುತಂತ್ರಾಂಶ ಫೋನಿನೊಳಗೆ ನುಸುಳಿದರೆ ಮೈಕ್ ಮತ್ತು ಕ್ಯಾಮರಾಗಳೆರಡೂ ಅನ್ಯರ ವಶವಾಗುತ್ತವೆ. ಅದು ನುಸುಳುವುದು ತಂತ್ರಾಂಶದ ದೋಷಗಳ ಮೂಲಕ. ಸುಪ್ರೀಂ ಕೋರ್ಟು 2021ರಲ್ಲಿ ನೇಮಿಸಿದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, ಐದರಲ್ಲಿ ಕುತಂತ್ರಾಂಶವನ್ನು ಕಂಡಿತು. ಆದರೆ ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ ಎಂಬುದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿ ಬಹಿರಂಗವಾಯಿತು.

ಸಹೋದರರೇ, ವದಂತಿಯ ನಿಜವಾದ ಹಾನಿ ಇರುವುದು ಇಲ್ಲಿ. ಎಲ್ಲ ಫೋನುಗಳಲ್ಲೂ ಗೂಢಚಾರ ಚಿಪ್ ಇದೆ ಎಂದು ನಂಬಿದವನು ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲುತ್ತಾನೆ. ಆತ ಅನುಮತಿಗಳನ್ನು ಪರಿಶೀಲಿಸುವುದಿಲ್ಲ, ಆಳುವವರನ್ನು ಪ್ರಶ್ನಿಸುವುದೂ ಇಲ್ಲ. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದ್ದು ವಾಟ್ಸ್ಆ್ಯಪ್ ವೀಡಿಯೊ ನೋಡಿ ಅಲ್ಲ. ಆಧಾರ್ ಯೋಜನೆಯ ಕುರಿತು ಸ್ಪಷ್ಟವಾದ ಪ್ರಶ್ನೆಯನ್ನು ಹಿಡಿದು ಅವರು ಹೋದರು. ಆದರೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್, ದೇಶದ ಭದ್ರತೆಯಂತಹ ಕಾರಣಗಳಿಗಾಗಿ ಸರಕಾರವು ತನ್ನ ಸಂಸ್ಥೆಗಳಿಗೆ ವಿನಾಯಿತಿ ನೀಡಲು ಅವಕಾಶ ಕೊಟ್ಟಿದೆ. ನಮ್ಮ ಚರ್ಚೆ ಬ್ಯಾಟರಿಯ ಸ್ಟಿಕ್ಕರಿನ ಬಗ್ಗೆ ನಡೆಯಬೇಕೋ ಈ ಸೆಕ್ಷನ್ನಿನ ಬಗ್ಗೆಯೋ?

ಇಂದು ಮನೆಗೆ ಹೋದ ಬಳಿಕ ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಯಾವ ಆ್ಯಪ್‌ಗೆ ಸ್ಥಳ, ಮೈಕ್ ಮತ್ತು ಸಂಪರ್ಕಗಳ ಅನುಮತಿ ಇದೆಯೆಂದು ನೋಡಿರಿ. ಅನಗತ್ಯವಾದುದನ್ನು ರದ್ದುಪಡಿಸಿರಿ. ಅಪ್‌ಡೇಟ್‌ಗಳನ್ನು ಮುಂದೂಡಬೇಡಿರಿ. ವಿವಾಹ ಆಮಂತ್ರಣದ ಹೆಸರಿನಲ್ಲಿ ಬರುವ ಎಪಿಕೆ ಕಡತವನ್ನು ಮುಟ್ಟಬೇಡಿರಿ. ಮನೆಯ ಹಿರಿಯರ ಫೋನನ್ನೂ ಪಕ್ಕದಲ್ಲಿ ಕುಳಿತು ಪರಿಶೀಲಿಸಿ ಕೊಡಿರಿ. ಇನ್ನೊಮ್ಮೆ ಅಂತಹ ವೀಡಿಯೊ ಬಂದರೆ ವಿಚಾರಿಸದೆ ಯಾರಿಗೂ ಕಳುಹಿಸಬೇಡಿರಿ.